ಮುಪ್ಪಿನ ಬುದ್ಧಿಗೆ ಅದರದೇ ಅಳತೆಗೋಲು ತಂದ ಡೇವಿಡ್ ವೆಕ್ಸ್ಲರ್

ಅರವತ್ತಕ್ಕೆ ಅರಳುಮರಳು ಎಂಬ ಮಾತು ಕನ್ನಡನಾಡಿನ ಮನೆಮನೆಗಳಲ್ಲಿ ಬಳಕೆಯಲ್ಲಿದೆ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಅಜ್ಜ ಅದನ್ನು ಮನೆಯೆಲ್ಲ ಹುಡುಕಿದಾಗ, ಒಲೆಯ ಮೇಲಿಟ್ಟ ಹಾಲನ್ನು ಅಜ್ಜಿ ಮರೆತು ಉಕ್ಕಿಸಿದಾಗ ಈ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ. ಹಾಲು ಉಕ್ಕಿಸುವುದರಲ್ಲಿ ಸೊಸೆಯಂದಿರೂ ಹಿಂದೆ ಬಿದ್ದವರಲ್ಲ. ಆದರೆ ಅವರ ಮರೆವಿಗೆ ಗಾದೆಯಿಲ್ಲ. ಹಿರಿಯರೊಬ್ಬರ ಮರೆವು ವಯೋಸಹಜವೋ, ರೋಗದ ಮುನ್ಸೂಚನೆಯೋ, ಅಥವಾ ನೋಡುವವರ ಕಣ್ಣಿನ ಪೂರ್ವಗ್ರಹವೋ ಎಂಬುದನ್ನು ತೀರ್ಮಾನಿಸುವುದು ಹೇಗೆ? ಆಸ್ತಿಯ ಉಯಿಲು, ಬ್ಯಾಂಕಿನ ರುಜು, ಆಸ್ಪತ್ರೆಯ ವಾಸ, ಕೊನೆಗೆ ಮನೆಯಲ್ಲಿ ಹಿರಿಯರ ಮಾತಿಗೆ ಸಿಗುವ ಬೆಲೆ, ಇವೆಲ್ಲವೂ ಈ ತೀರ್ಮಾನವನ್ನು ಅವಲಂಬಿಸಿವೆ. ಇದಕ್ಕೆ ಊಹೆಯ ಬದಲು ಅಳತೆಯ ಆಧಾರ ಒದಗಿಸಲು ಯತ್ನಿಸಿದವರಲ್ಲಿ ಮೊದಲ ಸಾಲಿನವರು ಅಮೆರಿಕದ ಮನೋವಿಜ್ಞಾನಿ ಡೇವಿಡ್ ವೆಕ್ಸ್ಲರ್.

ಜಗತ್ತಿನ ನಾನಾ ದೇಶಗಳ ಮನೋವೈದ್ಯಕೀಯ ಚಿಕಿತ್ಸಾಲಯಗಳಲ್ಲಿ ಇಂದು ಬಳಕೆಯಾಗುವ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಹಲವು ಅವರ ಹೆಸರನ್ನೇ ಹೊತ್ತಿವೆ. ಶಾಲೆಯಲ್ಲಿ ಹಿಂದೆ ಬಿದ್ದ ಮಗುವನ್ನು ಪರೀಕ್ಷೆಗೆ ಕರೆದೊಯ್ದ ಪೋಷಕರು ಆ ಹೆಸರನ್ನು ಕೇಳಿರಬಹುದು. ಆದರೆ ವೆಕ್ಸ್ಲರ್ ಅವರ ಪ್ರಸಿದ್ಧ ಪರೀಕ್ಷೆ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ಬೆಳೆದು ನಿಂತವರ, ಮುಪ್ಪಿಗೆ ಕಾಲಿಟ್ಟವರ ಬುದ್ಧಿಯನ್ನು ಮಕ್ಕಳ ಅಳತೆಗೋಲಿನಿಂದ ಅಳೆಯುತ್ತಿದ್ದ ಅಸಂಗತ ಪದ್ಧತಿಯ ವಿರುದ್ಧ ಅದು ಹುಟ್ಟಿತು.

ವೆಕ್ಸ್ಲರ್ ಜನಿಸಿದ್ದು 1896ರ ಜನವರಿ 12ರಂದು, ರುಮೇನಿಯಾದ ಲೆಸ್ಪೆಜಿ ಎಂಬ ಊರಿನಲ್ಲಿ. ಯಹೂದಿ ಕುಟುಂಬದ ಏಳು ಮಕ್ಕಳಲ್ಲಿ ಅವರೇ ಕಿರಿಯರು. 1902ರಲ್ಲಿ, ಬಾಲಕ ಡೇವಿಡ್‌ಗೆ ಆರು ವರ್ಷವಾಗಿದ್ದಾಗ, ಕುಟುಂಬ ನ್ಯೂಯಾರ್ಕ್‌ಗೆ ವಲಸೆ ಹೋಯಿತು. ಹೊಸ ನೆಲದಲ್ಲಿ ಬೇರೂರುವ ಮುನ್ನವೇ ತಂದೆತಾಯಿ ಇಬ್ಬರೂ ತೀರಿಕೊಂಡರು. ಹತ್ತು ವರ್ಷದ ಹೊತ್ತಿಗೆ ಅನಾಥನಾದ ಹುಡುಗನ ಹೊಣೆಯನ್ನು ಹೊತ್ತವರು ಅಣ್ಣ ಇಸ್ರೇಲ್ ವೆಕ್ಸ್ಲರ್. ಈ ಅಣ್ಣ ಮುಂದೆ ಹೆಸರಾಂತ ನರರೋಗ ತಜ್ಞರಾದರು. ಅವರ ನರವಿಜ್ಞಾನದ ಪಠ್ಯಪುಸ್ತಕ ವೈದ್ಯವಿದ್ಯಾರ್ಥಿಗಳ ಕೈಯಲ್ಲಿ ಬಹುಕಾಲ ಓಡಾಡಿತು. ತಮ್ಮನಿಗೆ ಮನಸ್ಸು ಮತ್ತು ಮಿದುಳಿನ ನಂಟಿನ ಬಗ್ಗೆ ಕುತೂಹಲ ಮೂಡಿದ್ದರಲ್ಲಿ ಮನೆಯ ಈ ವಾತಾವರಣದ ಪಾಲೂ ಇದ್ದಿರಬೇಕು.

ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ 1916ರಲ್ಲಿ ಪದವಿ ಮುಗಿಸಿದ ವೆಕ್ಸ್ಲರ್, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ವುಡ್‌ವರ್ತ್ ಅವರ ಮಾರ್ಗದರ್ಶನದಲ್ಲಿ 1917ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅವರ ಪ್ರಬಂಧದ ವಿಷಯ ಕೊರ್ಸಕಾಫ್ ಕಾಯಿಲೆಯ ರೋಗಿಗಳ ನೆನಪಿನ ಶಕ್ತಿ. ಬಹುತೇಕ ಮದ್ಯವ್ಯಸನಿಗಳಲ್ಲಿ, ಬಿ1 ಜೀವಸತ್ವದ ತೀವ್ರ ಕೊರತೆಯಿಂದ ಕಾಣಿಸಿಕೊಳ್ಳುವ ಈ ಕಾಯಿಲೆಯಲ್ಲಿ ಹಳೆಯ ಮಾತು ಎಷ್ಟೋ ಉಳಿದಿರುತ್ತದೆ. ಆದರೆ ಹೊಸದು ನಿಲ್ಲುವುದೇ ಇಲ್ಲ. ಬೆಳಿಗ್ಗೆ ಮಾತನಾಡಿಸಿದ ವೈದ್ಯರನ್ನು ಸಂಜೆ ಹೊಸಬರೆಂದೇ ಭಾವಿಸುವ ರೋಗಿಯು ಹಳೆಯ ಸಂಗತಿಗಳನ್ನು ಹೇಳಬಲ್ಲ. ಬುದ್ಧಿ ಎಂಬುದು ಒಂದೇ ಗಟ್ಟಿ ವಸ್ತುವಲ್ಲ, ಅದರ ಒಂದು ಭಾಗ ಕುಸಿದರೂ ಇನ್ನೊಂದು ಭಾಗ ನಿಲ್ಲಬಹುದು ಎಂಬ ಪಾಠ ವೆಕ್ಸ್ಲರ್ ಅವರಿಗೆ ಇಪ್ಪತ್ತೊಂದನೆಯ ವಯಸ್ಸಿನಲ್ಲೇ ಸಿಕ್ಕಿತು. ಮುಂದಿನ ಅರುವತ್ತು ವರ್ಷಗಳ ಕೆಲಸದ ಬೀಜ ಇಲ್ಲಿಯೇ ಇತ್ತು ಎನ್ನಬಹುದು.

ಅಷ್ಟರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸೇನೆಗೆ ಸೇರಿದ ಲಕ್ಷಾಂತರ ಯುವಕರನ್ನು ಯಾವ ಕೆಲಸಕ್ಕೆ ಹಚ್ಚಬೇಕೆಂದು ತಿಳಿಯಲು ಮನೋವಿಜ್ಞಾನಿಗಳು ಎರಡು ಸಾಮೂಹಿಕ ಪರೀಕ್ಷೆಗಳನ್ನು ರೂಪಿಸಿದ್ದರು: ಓದುಬರಹ ಬಲ್ಲವರಿಗೆ ಆರ್ಮಿ ಆಲ್ಫಾ, ಬಾರದವರಿಗೆ ಹಾಗೂ ಇಂಗ್ಲಿಷ್ ತಿಳಿಯದವರಿಗೆ ಚಿತ್ರಗಳ ಆರ್ಮಿ ಬೀಟಾ. ಸುಮಾರು 17 ಲಕ್ಷ ಮಂದಿ ಈ ಪರೀಕ್ಷೆಗೆ ಒಳಗಾದರು. ಸೇನೆ ಸೇರುವ ಸರದಿಗಾಗಿ ಕಾಯುತ್ತಿದ್ದ ವೆಕ್ಸ್ಲರ್ ಲಾಂಗ್ ಐಲೆಂಡ್‌ನ ಶಿಬಿರದಲ್ಲಿ ಸ್ವಯಂಸೇವಕರಾಗಿ ಆಲ್ಫಾ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದರು. ಬಳಿಕ ಟೆಕ್ಸಾಸ್‌ನ ಕ್ಯಾಂಪ್ ಲೋಗನ್‌ನಲ್ಲಿ, ಸಾಮೂಹಿಕ ಪರೀಕ್ಷೆಯಲ್ಲಿ ಸೋತ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಪರೀಕ್ಷಿಸುವ ಹೊಣೆ ಅವರಿಗೆ ಬಂತು.

ಅಲ್ಲಿ ಕಂಡದ್ದು ಅವರನ್ನು ಕಲಕಿತು. ಪರೀಕ್ಷೆಯ ಲೆಕ್ಕದಲ್ಲಿ ಎಂಟು ವರ್ಷದ ಮಗುವಿನ ಮಟ್ಟವನ್ನೂ ಮುಟ್ಟದವರು ಸೇನೆಗೆ ಬರುವ ಮುಂಚೆ ಊರಿನಲ್ಲಿ ಸಂಸಾರ ನಡೆಸಿದ್ದರು, ದುಡಿದು ಸಂಪಾದಿಸಿದ್ದರು, ನೆರೆಹೊರೆಯವರ ಮೆಚ್ಚುಗೆ ಪಡೆದಿದ್ದರು. ಒಕ್ಲಹೋಮಾದಿಂದ ಬಂದ, ಎಣ್ಣೆಬಾವಿ ಕೊರೆಯುವುದರಲ್ಲಿ ನುರಿತ ಒಬ್ಬ ಕೆಲಸಗಾರನ ಪ್ರಕರಣವನ್ನು ವೆಕ್ಸ್ಲರ್ ಮುಂದೆ ತಮ್ಮ ಬರಹದಲ್ಲಿ ದಾಖಲಿಸಿದರು. ಕಾಗದದ ಮೇಲೆ ಆತ ಮಂದಬುದ್ಧಿ, ಬದುಕಿನಲ್ಲಿ ಕುಶಲಿ. ಇವೆರಡರಲ್ಲಿ ಒಂದು ತಪ್ಪಿರಲೇಬೇಕು. ತಪ್ಪಿರುವುದು ಮನುಷ್ಯನಲ್ಲಲ್ಲ, ಅಳತೆಗೋಲಿನಲ್ಲಿ ಎಂಬ ಸಂಶಯ ಅವರಲ್ಲಿ ಬಲಿಯಿತು.

ಸೇನೆಯೇ ಅವರನ್ನು 1919ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ವ್ಯಾಸಂಗಕ್ಕೆ ಕಳುಹಿಸಿತು. ಅಲ್ಲಿ ಅವರು ಚಾರ್ಲ್ಸ್ ಸ್ಪಿಯರ್‌ಮನ್ ಹಾಗೂ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರ ಬಳಿ ಕಲಿತರು. ಎಲ್ಲ ಬೌದ್ಧಿಕ ಕೆಲಸಗಳ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆ ಎಂಬುದು ಸ್ಪಿಯರ್‌ಮನ್ ಅವರ ಪ್ರಸಿದ್ಧ ವಾದ. ಕನ್ನಡಿಗರಿಗೆ ಇಲ್ಲೊಂದು ನಂಟು ಕಾಣಿಸುತ್ತದೆ. ಇದೇ ಸ್ಪಿಯರ್‌ಮನ್ ಅವರ ಬಳಿ ಕೆಲವೇ ವರ್ಷಗಳ ಅನಂತರ ಸಂಶೋಧನೆ ನಡೆಸಿ ಮರಳಿದ ಎಂ.ವಿ. ಗೋಪಾಲಸ್ವಾಮಿ ಅವರು 1924ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು; 1935ರಲ್ಲಿ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಒಬ್ಬ ಗುರುವಿನ ಬಳಿ ಕಲಿತ ಇಬ್ಬರು ಎರಡು ಖಂಡಗಳಲ್ಲಿ ಮನಸ್ಸಿನ ಅಳತೆಯ ಕೆಲಸಕ್ಕೆ ತೊಡಗಿದಂತಾಯಿತು.

ಲಂಡನ್ನಿನಿಂದ ವೆಕ್ಸ್ಲರ್ ಪ್ಯಾರಿಸ್‌ಗೆ ತೆರಳಿ 1920ರಿಂದ 1922ರವರೆಗೆ ಭಾವಾವೇಶಗಳ ಶಾರೀರಿಕ ಲಕ್ಷಣಗಳನ್ನು ಅಭ್ಯಸಿಸಿದರು. ಅದೇ ವಿಷಯದ ಮೇಲೆ 1925ರಲ್ಲಿ ಕೊಲಂಬಿಯಾದಿಂದ ಡಾಕ್ಟರೇಟ್ ದೊರೆಯಿತು. ನಂತರದ ಕೆಲವು ವರ್ಷ ಜೀವನೋಪಾಯಕ್ಕಾಗಿ ಹಲವು ಕೆಲಸ ಮಾಡಿದರು. ಟ್ಯಾಕ್ಸಿ ಚಾಲಕರ ಆಯ್ಕೆಗೆ ಪರೀಕ್ಷೆ ರೂಪಿಸಿದ್ದೂ ಅವುಗಳಲ್ಲಿ ಒಂದು.

1932ರಲ್ಲಿ ನ್ಯೂಯಾರ್ಕ್‌ನ ಬೆಲ್‌ವ್ಯೂ ಮನೋವೈದ್ಯಕೀಯ ಆಸ್ಪತ್ರೆಯ ಮುಖ್ಯ ಮನೋವಿಜ್ಞಾನಿಯಾಗಿ ನೇಮಕಗೊಂಡದ್ದು ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತು. 1967ರವರೆಗೆ, ಮೂವತ್ತೈದು ವರ್ಷ, ಅವರು ಅಲ್ಲಿಯೇ ಇದ್ದರು. ಬೆಲ್‌ವ್ಯೂ ನಗರದ ಸಾರ್ವಜನಿಕ ಆಸ್ಪತ್ರೆ. ಹಣವಿಲ್ಲದವರು, ದಿಕ್ಕಿಲ್ಲದವರು, ಬೀದಿಯಿಂದ ಪೊಲೀಸರು ಕರೆತಂದವರು, ಹತ್ತಾರು ಭಾಷೆಗಳ ವಲಸಿಗರು ಅಲ್ಲಿಗೆ ಬರುತ್ತಿದ್ದರು. ಅದು ಆರ್ಥಿಕ ಮಹಾಕುಸಿತದ ಕಾಲವೂ ಹೌದು. ಬಂದವರನ್ನು ಕೆಲದಿನ ಗಮನಿಸಿ, ಮನೆಗೆ ಕಳುಹಿಸಬೇಕೋ ರಾಜ್ಯದ ಮಾನಸಿಕ ಆಸ್ಪತ್ರೆಗೆ ಸಾಗಿಸಬೇಕೋ ಎಂದು ವೈದ್ಯರು ತೀರ್ಮಾನಿಸಬೇಕಿತ್ತು. ಮುದುಕರ ಪಾಲಿಗೆ ಎರಡನೆಯ ದಾರಿ ಹೆಚ್ಚಿನ ವೇಳೆ ಹಿಂದಿರುಗದ ದಾರಿಯಾಗಿರುತ್ತಿತ್ತು. ಗೊಂದಲದಲ್ಲಿದ್ದ ವೃದ್ಧರೊಬ್ಬರಿಗೆ ಮಿದುಳಿನ ಕಾಯಿಲೆಯೋ, ದುಃಖವೋ, ಭಾಷೆ ತಿಳಿಯದ ತೊಡಕೋ, ಬರಿಯ ವಯಸ್ಸೋ ಎಂದು ಹೇಳಲು ಮನೋವಿಜ್ಞಾನಿಯ ಮೇಜಿನ ಮೇಲಿದ್ದ ಸಾಧನವಾದರೂ ಯಾವುದು? ಮಕ್ಕಳಿಗೆಂದು ರಚಿಸಿದ ಪರೀಕ್ಷೆ.

ಈ ಅಸಂಗತತೆಯನ್ನು ತುಸು ಬಿಡಿಸಿ ನೋಡಬೇಕು. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಮಕ್ಕಳಿಗಾಗಿ ಪರೀಕ್ಷೆ ರಚಿಸಿದ್ದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ಪರಿಷ್ಕರಿಸಿ ಬುದ್ಧಿಲಬ್ಧ, ಅಂದರೆ ಐ.ಕ್ಯೂ. ಎಂಬ ಸಂಖ್ಯೆಯನ್ನು ಬಳಕೆಗೆ ತಂದರು. ಮಗುವಿನ ಮಾನಸಿಕ ವಯಸ್ಸನ್ನು ಅದರ ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಐ.ಕ್ಯೂ. ಬರುತ್ತದೆ. ಎಂಟು ವರ್ಷದ ಮಗು ಹತ್ತು ವರ್ಷದವರ ಪ್ರಶ್ನೆಗಳಿಗೆ ಉತ್ತರಿಸಿದರೆ 125. ಮಕ್ಕಳ ಮಟ್ಟಿಗೆ ಇದು ಸರಳ, ಸುಂದರ. ಆದರೆ ಮಾನಸಿಕ ವಯಸ್ಸು ಹದಿನೈದು ಹದಿನಾರಕ್ಕೆ ನಿಲ್ಲುತ್ತದೆ, ಕಾಲದ ವಯಸ್ಸು ನಿಲ್ಲುವುದಿಲ್ಲ. ಪೂರ್ಣ ಪ್ರೌಢತೆಯ ಹದಿನಾರು ವರ್ಷದ ಮಾನಸಿಕ ವಯಸ್ಸುಳ್ಳ ಅರವತ್ತರ ವ್ಯಕ್ತಿಗೆ ಇದೇ ಸೂತ್ರ ಹಚ್ಚಿದರೆ ಬರುವ ಸಂಖ್ಯೆ ಸುಮಾರು 27. ಅಂದರೆ ಊರಿನ ಎಲ್ಲ ಅಜ್ಜಂದಿರೂ ಮಂದಬುದ್ಧಿಯವರು! ಈ ಮುಜುಗರ ತಪ್ಪಿಸಲು, ವಯಸ್ಕರು ಯಾರೇ ಆಗಲಿ, ಭಾಜಕ ಹದಿನಾರೇ ಇರಲಿ ಎಂದು ನಿಯಮ ಮಾಡಲಾಯಿತು. ಆದರೆ ಆಗ ಎಪ್ಪತ್ತರ ಮುದುಕಿಯನ್ನು ಹದಿನಾರರ ಹುಡುಗಿಯೊಡನೆ ಓಟಕ್ಕೆ ನಿಲ್ಲಿಸಿದಂತಾಗುತ್ತದೆ. ಪ್ರಶ್ನೆಗಳೂ ಮಕ್ಕಳವೇ. ಪ್ರಾಸ ಕೂಡಿಸು, ಪದ ಜೋಡಿಸು ಎಂದರೆ ಮನೆಮಕ್ಕಳನ್ನು ಸಾಕಿ ಬೆಳೆಸಿದ ಹಿರಿಯರಿಗೆ ಅವಮಾನವೆನಿಸದೆ ಇರದು. ಅವಮಾನಿತರು ಉತ್ತರಿಸುವುದೂ ಇಲ್ಲ.

ವೆಕ್ಸ್ಲರ್ ಏಳು ವರ್ಷ ದುಡಿದರು. ಈ ನಡುವೆ ವೈಯಕ್ತಿಕ ಬದುಕಿನಲ್ಲಿ ಭಾರಿ ಆಘಾತವೊಂದು ಎರಗಿತು. 1934ರಲ್ಲಿ ಫ್ಲಾರೆನ್ಸ್ ಫೆಲ್ಸ್ಕ್ ಅವರನ್ನು ವಿವಾಹವಾದರು; ಮೂರೇ ವಾರಗಳಲ್ಲಿ ಆಕೆ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಮಾನವ ಸಾಮರ್ಥ್ಯಗಳ ವ್ಯಾಪ್ತಿಯನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. 1939ರಲ್ಲಿ ರೂತ್ ಹಾಲ್ಪರ್ನ್ ಅವರನ್ನು ವರಿಸಿದರು. ಈ ದಾಂಪತ್ಯದಲ್ಲಿ ಇಬ್ಬರು ಗಂಡುಮಕ್ಕಳಾದರು. ಅದೇ 1939ರಲ್ಲಿ ವಯಸ್ಕರ ಬುದ್ಧಿಯ ಅಳತೆಯ ಬಗೆಗಿನ ಪುಸ್ತಕವೂ, ಅದರೊಂದಿಗೆ ವೆಕ್ಸ್ಲರ್-ಬೆಲ್‌ವ್ಯೂ ಪರೀಕ್ಷೆಯೂ ಹೊರಬಂದವು.

ಪರೀಕ್ಷೆಯಲ್ಲಿ ಹನ್ನೊಂದು ಉಪಪರೀಕ್ಷೆಗಳಿದ್ದವು. ಅವುಗಳಲ್ಲಿ ವೆಕ್ಸ್ಲರ್ ಹೊಸದಾಗಿ ಕಲ್ಪಿಸಿದ್ದು ಕಡಿಮೆಯೇ. ಸೇನಾ ಪರೀಕ್ಷೆಗಳಿಂದ, ಕೋಸ್ ಎಂಬವರ ಬಣ್ಣದ ಘನಗಳಿಂದ, ಹೀಗೆ ಅಲ್ಲಲ್ಲಿ ಇದ್ದುದನ್ನು ಆರಿಸಿ, ದೊಡ್ಡವರಿಗೆ ಒಗ್ಗುವಂತೆ ತಿದ್ದಿ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿದರು. ಅರ್ಧದಷ್ಟು ಮಾತಿನ ಪರೀಕ್ಷೆಗಳು: ಸಾಮಾನ್ಯ ಜ್ಞಾನ, ಲೋಕವ್ಯವಹಾರದ ತಿಳಿವು, ಬಾಯಿಲೆಕ್ಕ, ಎರಡು ವಸ್ತುಗಳ ಹೋಲಿಕೆ, ಪದಗಳ ಅರ್ಥ, ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲೂ ಹಿಂದುಮುಂದಾಗಿಯೂ ಹೇಳುವುದು. ಉಳಿದವು ಕೈಯ ಕೆಲಸಗಳು: ಘನಗಳಿಂದ ವಿನ್ಯಾಸ ಕಟ್ಟುವುದು, ಚಿತ್ರದಲ್ಲಿ ಬಿಟ್ಟುಹೋದ ಭಾಗ ಗುರುತಿಸುವುದು, ಚಿತ್ರಗಳನ್ನು ಕಥೆಯ ಕ್ರಮದಲ್ಲಿ ಇಡುವುದು, ತುಂಡುಗಳನ್ನು ಕೂಡಿಸಿ ವಸ್ತು ಮಾಡುವುದು, ಪ್ರತಿ ಅಂಕಿಗೂ ನಿಗದಿಯಾದ ಚಿಹ್ನೆಯನ್ನು ಹೊತ್ತು ಮೀರುವ ಮುನ್ನ ಬರೆಯುತ್ತ ಹೋಗುವುದು. ಶಾಲೆ ಕಾಣದವರಿಗೆ, ಇಂಗ್ಲಿಷ್ ಬಾರದವರಿಗೆ ಈ ಎರಡನೆಯ ಭಾಗ ತಮ್ಮ ಶಕ್ತಿ ತೋರುವ ಅವಕಾಶ ಕೊಟ್ಟಿತು. ಕ್ಯಾಂಪ್ ಲೋಗನ್ನಿನ ಎಣ್ಣೆಬಾವಿ ಕೆಲಸಗಾರನಿಗೆ ಸಿಗದೆಹೋದ ನ್ಯಾಯ ಅದು.

ನಿಜವಾದ ಹೊಸತನ ಅಂಕ ಹಾಕುವ ವಿಧಾನದಲ್ಲಿತ್ತು. ಮಾನಸಿಕ ವಯಸ್ಸಿನ ಭಾಗಾಕಾರವನ್ನೇ ವೆಕ್ಸ್ಲರ್ ಕೈಬಿಟ್ಟರು. ಬದಲಿಗೆ ಪ್ರತಿ ವಯೋಗುಂಪಿನ ಜನರನ್ನು ಬೇರೆಬೇರೆಯಾಗಿ ಪರೀಕ್ಷಿಸಿ, ಆ ಗುಂಪಿನ ಸರಾಸರಿಯನ್ನು 100 ಎಂದು ಇಟ್ಟುಕೊಂಡು, ವ್ಯಕ್ತಿ ಅದಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದ್ದಾರೆ ಎಂದು ಲೆಕ್ಕ ಹಾಕಿದರು. ಯಾವ ವಯಸ್ಸಿನವರೇ ಆಗಲಿ, ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ನಡುವೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರಕ್ಕೆ ಇಬ್ಬರು ಮಾತ್ರ. ಹೀಗಾಗಿ ಅರವತ್ತೈದು ವರ್ಷದವರನ್ನು ಅರವತ್ತೈದರ ಓರಗೆಯವರೊಂದಿಗೇ ಹೋಲಿಸುವುದು ಸಾಧ್ಯವಾಯಿತು. ಇಪ್ಪತ್ತೈದರ ಯುವಕ ಪಡೆದರೆ ಚಿಂತೆಗೆ ಕಾರಣವಾಗುವ ಅದೇ ಅಂಕ ಹಿರಿಯರ ವಿಷಯದಲ್ಲಿ ಸಾಧಾರಣವೆನಿಸಬಹುದು. ಅಂಕ ಓರಗೆಯವರಿಗಿಂತಲೂ ತೀರ ಕೆಳಗಿದ್ದರೆ ಮಾತ್ರ ವೈದ್ಯರು ರೋಗವನ್ನು ಹುಡುಕಬೇಕು. ಇಂದು ಇದು ಯಾರಿಗಾದರೂ ಹೊಳೆಯಬಹುದಾದ ಮಾತೆನಿಸುತ್ತದೆ. ಆದರೆ ಅಂದು ಅದನ್ನು ವಯಸ್ಕರ ಪರೀಕ್ಷೆಯ ಅಡಿಪಾಯವಾಗಿಸಿದವರು ವೆಕ್ಸ್ಲರ್.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಓರಗೆಯವರೊಂದಿಗೆ ಹೋಲಿಸಿದ ಸಂಖ್ಯೆಯ ಪಕ್ಕದಲ್ಲೇ ವೆಕ್ಸ್ಲರ್ ಮತ್ತೊಂದು ಲೆಕ್ಕವನ್ನೂ ಇಟ್ಟರು. ವ್ಯಕ್ತಿಯ ಅಂಕವನ್ನು ಇಪ್ಪತ್ತರ ಹರೆಯದ, ಶಕ್ತಿಯ ಶಿಖರದಲ್ಲಿರುವವರೊಂದಿಗೆ ಹೋಲಿಸುವ ಲೆಕ್ಕವದು. ಅವರ ನಕ್ಷೆಯಲ್ಲಿ ಬುದ್ಧಿಶಕ್ತಿ ಇಪ್ಪತ್ತರ ಆದಿಯಲ್ಲಿ ತುದಿ ಮುಟ್ಟಿ, ಅಲ್ಲಿಂದ ಮುಪ್ಪಿನವರೆಗೂ ಇಳಿಜಾರಿನಲ್ಲಿ ಸಾಗುತ್ತಿತ್ತು. ಸ್ನಾಯುಬಲ, ಶ್ವಾಸಕೋಶದ ಸಾಮರ್ಥ್ಯ ಕುಂದುವಂತೆಯೇ ಬುದ್ಧಿಯೂ ಕುಂದುತ್ತದೆ ಎಂದು ಅವರು ನಂಬಿದ್ದರು. ಎಲ್ಲವೂ ಒಂದೇ ವೇಗದಲ್ಲಿ ಕುಂದುವುದಿಲ್ಲ ಎಂಬುದನ್ನೂ ಗುರುತಿಸಿದರು. ಶಬ್ದಸಂಪತ್ತು, ಸಾಮಾನ್ಯ ಜ್ಞಾನ ಬಹುಕಾಲ ನಿಲ್ಲುತ್ತವೆ. ಚಿಹ್ನೆ ಬರೆಯುವ ವೇಗ, ಘನಗಳ ವಿನ್ಯಾಸ, ಅಂಕಿಗಳ ನೆನಪು ಬೇಗ ಜಾರುತ್ತವೆ. ನಿಲ್ಲುವವುಗಳಿಗೂ ಜಾರುವವುಗಳಿಗೂ ನಡುವಿನ ಅಂತರ ವಯಸ್ಸಿಗೆ ಮೀರಿ ಹಿಗ್ಗಿದರೆ ಅದು ಮಿದುಳಿನ ಕ್ಷಯದ ಗುರುತು ಎಂದು ಭಾವಿಸಿ ಒಂದು ಸೂಚ್ಯಂಕವನ್ನೇ ಕಟ್ಟಿದರು. ಬಳಕೆಯಲ್ಲಿ ಆ ಸೂಚ್ಯಂಕ ನಂಬಿಕೆಗೆ ಅರ್ಹವಾಗಿ ಉಳಿಯಲಿಲ್ಲ. ಆದರೆ ಅದರ ಹಿಂದಿದ್ದ ವಿಚಾರ, ಯಾವುದು ಉಳಿದಿದೆ ಯಾವುದು ಅಳಿದಿದೆ ಎಂದು ಬಿಡಿಬಿಡಿಯಾಗಿ ನೋಡಬೇಕೆಂಬುದು, ಇಂದಿಗೂ ಮಿದುಳಿನ ಪರೀಕ್ಷಕರ ದಾರಿದೀಪವಾಗಿದೆ.

ಇಳಿಜಾರಿನ ನಕ್ಷೆಯಲ್ಲಿ ಒಂದು ತೊಡಕಿತ್ತು. 1939ರಲ್ಲಿ ಅರವತ್ತು ದಾಟಿದವರು ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದವರು. ಅವರಲ್ಲಿ ಹಲವರು ಶಾಲೆಯ ಮೆಟ್ಟಿಲನ್ನು ಕೆಲವೇ ವರ್ಷ ಹತ್ತಿದವರು. ಇಪ್ಪತ್ತರ ಯುವಕರೋ ಹೈಸ್ಕೂಲು ಕಂಡವರು, ಇಂಥ ಪರೀಕ್ಷೆಗಳಿಗೆ ಪಳಗಿದವರು. ಇಬ್ಬರ ನಡುವಿನ ಅಂತರದಲ್ಲಿ ವಯಸ್ಸಿನ ಪಾಲೆಷ್ಟು, ಕಾಲದ ಪಾಲೆಷ್ಟು? ಉತ್ತರ ಕೊಡಲು ಅದೇ ಜನರನ್ನು ವರ್ಷಗಳ ಅನಂತರ ಮತ್ತೆ ಪರೀಕ್ಷಿಸಬೇಕಿತ್ತು. 1919ರಲ್ಲಿ ಐಯೋವಾದ ಕಾಲೇಜಿನಲ್ಲಿ ಆರ್ಮಿ ಆಲ್ಫಾ ಪರೀಕ್ಷೆ ಬರೆದಿದ್ದ 127 ಮಂದಿಯನ್ನು ವಿಲಿಯಂ ಓವೆನ್ಸ್ ಮೂವತ್ತು ವರ್ಷಗಳ ಬಳಿಕ ಹುಡುಕಿ ಅದೇ ಪರೀಕ್ಷೆ ಕೊಟ್ಟರು. 1953ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಅಚ್ಚರಿಗೊಳಿಸಿತು: ಐವತ್ತರ ಆಸುಪಾಸಿನಲ್ಲಿದ್ದ ಅವರು ಒಟ್ಟಾರೆ ಕುಸಿದಿರಲಿಲ್ಲ, ಏರಿದ್ದರು. 1956ರಲ್ಲಿ ವಾರ್ನರ್ ಶೈ ಸಿಯಾಟಲ್‌ನಲ್ಲಿ ಆರಂಭಿಸಿದ ದೀರ್ಘಕಾಲದ ಅಧ್ಯಯನವೂ, ಹೆಚ್ಚಿನ ಸಾಮರ್ಥ್ಯಗಳು ಅರವತ್ತರವರೆಗೂ ಬಹುಪಾಲು ನಿಲ್ಲುತ್ತವೆ, ವೇಗ ಮಾತ್ರ ಮೊದಲೇ ತಗ್ಗುತ್ತದೆ ಎಂದು ತೋರಿಸಿತು. ಮುಪ್ಪನ್ನು ಮಕ್ಕಳ ಅಳತೆಗೋಲಿನಿಂದ ಬಿಡಿಸಿದ ವೆಕ್ಸ್ಲರ್ ಅವರೇ, ಮುಪ್ಪೆಂದರೆ ಇಳಿಜಾರು ಎಂಬ ಜನಜನಿತ ಭಾವನೆಗೆ ಅಂಕಿಗಳ ಮುದ್ರೆಯನ್ನೂ ಒತ್ತಿದ್ದರು. ಅವರ ಕೆಲಸವನ್ನು ಗೌರವಿಸುವವರೂ ಇದನ್ನು ಮರೆಮಾಚಬೇಕಿಲ್ಲ.

ಬುದ್ಧಿಯಿಂದ ನೆನಪನ್ನು ಬೇರ್ಪಡಿಸಿ ನೋಡುವ ಅವರ ಯತ್ನ 1945ರಲ್ಲಿ ಫಲ ಕೊಟ್ಟಿತು. ಆ ವರ್ಷ ಹೊರಬಂದ ವೆಕ್ಸ್ಲರ್ ಸ್ಮೃತಿ ಪರೀಕ್ಷೆಯಲ್ಲಿ ಏಳು ಭಾಗಗಳಿದ್ದವು. ತನ್ನ ಬಗ್ಗೆ ಹಾಗೂ ಸದ್ಯದ ವಿದ್ಯಮಾನಗಳ ಬಗ್ಗೆ ಮಾಹಿತಿ, ಇಂದು ಯಾವ ದಿನ ಇದು ಯಾವ ಊರು ಎಂಬ ಅರಿವು, ಹಿಮ್ಮುಖ ಎಣಿಕೆ, ಕೇಳಿದ ಪುಟ್ಟ ಕಥೆಯನ್ನು ಮರಳಿ ಹೇಳುವುದು, ಅಂಕಿಗಳ ಸಾಲು, ಕ್ಷಣಕಾಲ ನೋಡಿದ ಆಕೃತಿಯನ್ನು ಬರೆಯುವುದು, ಜೋಡಿಪದಗಳನ್ನು ಕಲಿಯುವುದು. ಸುಮಾರು ಕಾಲು ಗಂಟೆಯಲ್ಲಿ ಮುಗಿಯುವ ಈ ಪರೀಕ್ಷೆಯಲ್ಲೂ ವಯಸ್ಸಿಗೆ ತಕ್ಕ ರಿಯಾಯಿತಿ ಇತ್ತು. ಎಲ್ಲ ಬಗೆಯ ನೆನಪನ್ನೂ ಒಂದೇ ಸಂಖ್ಯೆಗೆ ಇಳಿಸಿತು ಎಂಬ ಟೀಕೆ ಬಂದರೂ 1987ರವರೆಗೆ ಅದು ಪರಿಷ್ಕರಣೆಯಿಲ್ಲದೆ ಬಳಕೆಯಲ್ಲಿತ್ತು. ಮರೆಗುಳಿ ಕಾಯಿಲೆಯ ಶಂಕೆಯಿಂದ ಬಂದವರಿಗೆ ಇಂದು ಕಥೆ ಹೇಳಿಸುವ, ಪದಗಳನ್ನು ನೆನಪಿಡಿಸುವ ಪದ್ಧತಿಯ ಮೂಲಗಳಲ್ಲಿ ಇದೂ ಒಂದು.

ಎರಡನೆಯ ಮಹಾಯುದ್ಧದ ತರುವಾಯ, 1947ರಲ್ಲಿ, ವೆಕ್ಸ್ಲರ್ ಸೈಪ್ರಸ್‌ಗೆ ಹೋಗಿ, ಹತ್ಯಾಕಾಂಡದಿಂದ ಬದುಕುಳಿದು ಅಲ್ಲಿನ ಶಿಬಿರಗಳಲ್ಲಿದ್ದ ಯಹೂದಿ ನಿರಾಶ್ರಿತರಿಗೆ ಮಾನಸಿಕ ಆರೋಗ್ಯದ ವ್ಯವಸ್ಥೆ ಕಲ್ಪಿಸಲು ನೆರವಾದರು. 1949ರಲ್ಲಿ ಮಕ್ಕಳ ಪರೀಕ್ಷೆಯನ್ನು ಹೊರತಂದರು. 1955ರಲ್ಲಿ ಬಂದದ್ದು ವೈಸ್ ಎಂದು ಹೆಸರಾದ ವಯಸ್ಕರ ಪರೀಕ್ಷೆ. ಮೊದಲ ಪರೀಕ್ಷೆಯ ಮಾನದಂಡಗಳನ್ನು ಬಹುಪಾಲು ನ್ಯೂಯಾರ್ಕ್ ಸುತ್ತಲಿನ ಬಿಳಿಯರಿಂದಲೇ ಪಡೆಯಲಾಗಿತ್ತು. ಆ ದೋಷವನ್ನು ಇಲ್ಲಿ ತಿದ್ದುವ ಯತ್ನ ನಡೆಯಿತು. ಜನಗಣತಿಯ ಅನುಪಾತಕ್ಕೆ ತಕ್ಕಂತೆ 16ರಿಂದ 64 ವರ್ಷದ 1,700 ಮಂದಿಯನ್ನು ದೇಶದ ನಾನಾ ಕಡೆಗಳಿಂದ ಆರಿಸಲಾಯಿತು. ಅದಕ್ಕೂ ಮಿಗಿಲಾಗಿ, ಕ್ಯಾನ್ಸಾಸ್ ಸಿಟಿಯಲ್ಲಿ 60 ದಾಟಿದ 475 ಮಂದಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿ 75 ಮೀರಿದವರಿಗೂ ಮಾನದಂಡ ರೂಪಿಸಲಾಯಿತು. ಮುದುಕರ ಬುದ್ಧಿಯನ್ನು ಊಹಿಸುವ ಬದಲು, ಆಸ್ಪತ್ರೆಯ ಹೊರಗೆ ತಮ್ಮಪಾಡಿಗೆ ಬದುಕುತ್ತಿದ್ದ ಮುದುಕರನ್ನೇ ಕೇಳಿ ತಿಳಿದ ಕೆಲಸವಿದು. ಈ ಬಾರಿ ನಕ್ಷೆಯ ಶಿಖರವೂ ಇಪ್ಪತ್ತರ ಆದಿಯಿಂದ ಕೆಲವು ವರ್ಷ ಮುಂದಕ್ಕೆ ಸರಿದಿತ್ತು. ಜನರ ಶಾಲಾ ವಿದ್ಯಾಭ್ಯಾಸ ಹೆಚ್ಚಿದಂತೆ ಬುದ್ಧಿಯ ಶಿಖರವೂ ಸರಿಯುವುದಾದರೆ, ಕುಸಿತವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಲಾಗದು.

ಸಂಖ್ಯೆಗಳ ನಡುವೆಯೇ ಬದುಕಿದ ಈ ಮನುಷ್ಯನಿಗೆ ಸಂಖ್ಯೆಯ ಮೇಲೆ ಅಂಧಶ್ರದ್ಧೆ ಇರಲಿಲ್ಲ. ಗುರಿಯಿಟ್ಟು ನಡೆಯುವುದು, ವಿವೇಚಿಸುವುದು, ಸುತ್ತಲಿನ ಪರಿಸರದೊಡನೆ ಸಮರ್ಥವಾಗಿ ವ್ಯವಹರಿಸುವುದು, ಇವೆಲ್ಲದರ ಒಟ್ಟು ಸಾಮರ್ಥ್ಯವನ್ನು ಅವರು ಬುದ್ಧಿ ಎಂದು ಕರೆದರು. ಛಲ, ಆಸಕ್ತಿ, ಉದ್ವೇಗ, ಸ್ವಭಾವ ಮುಂತಾದ ಬುದ್ಧಿಯೇತರ ಅಂಶಗಳು ಬುದ್ಧಿವಂತ ನಡವಳಿಕೆಯನ್ನು ರೂಪಿಸುತ್ತವೆ, ಅವುಗಳನ್ನು ಯಾವ ಪೆಟ್ಟಿಗೆಯೂ ಪೂರ್ತಿ ಅಳೆಯಲಾರದು ಎಂದು 1940ರ ದಶಕದಿಂದಲೂ ವಾದಿಸುತ್ತ ಬಂದರು. ಹೆದರಿದ ಮುದುಕರ ಕೈ ನಡುಗುತ್ತದೆ, ಕಿವಿ ಮಂದವಾದವರಿಗೆ ಪ್ರಶ್ನೆಯೇ ತಲುಪುವುದಿಲ್ಲ. ಪರೀಕ್ಷಕ ಇದನ್ನೆಲ್ಲ ಗಮನಿಸದೆ ಅಂಕ ಕೂಡಿಸಿದರೆ ಅದು ಲೆಕ್ಕಿಗನ ಕೆಲಸವಾಗುತ್ತದೆಯೇ ಹೊರತು ಮನೋವಿಜ್ಞಾನವಾಗುವುದಿಲ್ಲ.

ಓರಗೆಯವರೊಂದಿಗೆ ಹೋಲಿಕೆ ಎಂಬ ತತ್ವವನ್ನು ಭಾರತಕ್ಕೆ ತಂದಾಗ ಕಷ್ಟ ಇಮ್ಮಡಿಯಾಯಿತು. ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿಗೆ ಅಳವಡಿಸಿ ಈ ನೆಲದಲ್ಲಿ ದಾರಿ ತೋರಿಸಿದ್ದರು. ಅದು ಮಕ್ಕಳ ಪರೀಕ್ಷೆ. ವೆಕ್ಸ್ಲರ್ ಪರೀಕ್ಷೆಯ ಕೈಕೆಲಸದ ಭಾಗವನ್ನು 1970ರ ದಶಕದಲ್ಲಿ ಪ್ರಭಾ ರಾಮಲಿಂಗಸ್ವಾಮಿ ಭಾರತೀಯ ವಯಸ್ಕರಿಗೆ ಹೊಂದಿಸಿದರು. ಆದರೆ ಜೀವಮಾನದಲ್ಲಿ ಪೆನ್ಸಿಲು ಹಿಡಿಯದ ಅಜ್ಜಿಗೆ ಅಂಕಿಯ ಕೆಳಗೆ ಚಿಹ್ನೆ ಬರೆ ಎಂದರೆ ಅಳೆಯುವುದು ಬುದ್ಧಿಯನ್ನಲ್ಲ, ಶಾಲೆಯನ್ನು. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಓದುಬರಹ ಬಾರದ ಹಿರಿಯರಿಗೆಂದೇ ಪರೀಕ್ಷೆಯೊಂದನ್ನು ತಿದ್ದಿದಾಗ, ಇಂಗ್ಲಿಷ್ ಪದದ ಕಾಗುಣಿತವನ್ನು ತಿರುಗುಮುರುಗಾಗಿ ಹೇಳಿಸುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲಿ ವಯಸ್ಸಿನ ಜೊತೆಗೆ ವಿದ್ಯಾಭ್ಯಾಸಕ್ಕೂ ಬೇರೆಬೇರೆ ಮಾನದಂಡಗಳಿದ್ದವು, ಅನಕ್ಷರಸ್ಥರಿಗೂ ಸೇರಿ. ಆದರೆ ವಯಸ್ಸಿನ ಮಿತಿ 16ರಿಂದ 65. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೊರತಂದ ಪರೀಕ್ಷಾ ಸಂಗ್ರಹ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿದೆ.

ಬೆಲ್‌ವ್ಯೂ ಆಸ್ಪತ್ರೆಯಿಂದ 1967ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ ನಿವೃತ್ತರಾದ ವೆಕ್ಸ್ಲರ್ ವಿಶ್ರಾಂತಿಗೆ ತೆರಳಲಿಲ್ಲ. ಅದೇ ವರ್ಷ ಶಾಲೆಗೆ ಸೇರುವ ಮುನ್ನಿನ ಮಕ್ಕಳ ಪರೀಕ್ಷೆ ಬಂತು. 1974ರಲ್ಲಿ ಮಕ್ಕಳ ಪರೀಕ್ಷೆಯ ಪರಿಷ್ಕೃತ ರೂಪ ಹೊರಬಿತ್ತು. ಆಮೇಲೆ ವಯಸ್ಕರ ಪರೀಕ್ಷೆಯ ಸರದಿ. ಇಳಿಜಾರಿನ ನಕ್ಷೆಯನ್ನು ಎಳೆದವರು ತಮ್ಮ ಎಂಬತ್ತರ ಹರೆಯದಲ್ಲೂ ಅದರ ಪರಿಷ್ಕರಣೆಯಲ್ಲಿ ತೊಡಗಿದ್ದರು. ಆ ಪರೀಕ್ಷೆ 1981ರಲ್ಲಿ ಅಚ್ಚಾಯಿತು. ಅದೇ ವರ್ಷದ ಮೇ 2ರಂದು ನ್ಯೂಯಾರ್ಕ್‌ನಲ್ಲಿ ವೆಕ್ಸ್ಲರ್ ನಿಧನರಾದರು. ಅವರಿಗೆ 85 ವರ್ಷ. ಹೊಸ ಪರೀಕ್ಷೆಯ ಮಾನದಂಡಗಳು 74 ವರ್ಷಕ್ಕೆ ಮುಗಿಯುತ್ತಿದ್ದವು. ಅದನ್ನು ರಚಿಸಿದವರ ವಯಸ್ಸಿಗೆ ಅದರ ಕೋಷ್ಟಕದಲ್ಲಿ ಸಾಲೇ ಇರಲಿಲ್ಲ. ಆ ಸಾಲು ಸೇರಿದ್ದು 1997ರ ಮೂರನೆಯ ಆವೃತ್ತಿಯಲ್ಲಿ, ಮಿತಿಯನ್ನು 89ಕ್ಕೆ ಏರಿಸಿದಾಗ.